ಒಂದೇ ವಾರದಲ್ಲಿ ಮೂರು ಏಕಾದಶಿ

ಪಶ್ಚಿಮ ಮಾಂಬಲದ ಆ ಬೀದಿಯ ಕನ್ನಡದವರು ಏಕಾದಶಿ ಯಾವತ್ತೆಂದು ತಿಳಿಯಲು ಪಂಚಾಂಗ ನೋಡುತ್ತಿರಲಿಲ್ಲ. ರಮಾಬಾಯಿಯವರನ್ನು ಕೇಳುತ್ತಿದ್ದರು. ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ ಎಂದು ಗೊಂದಲ ಬಿದ್ದಾಗಲಂತೂ ಯಾರಾದರೊಬ್ಬರು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು: "ಅಮ್ಮಾ, ನಮಗೆ ನಾಳೆಯೋ ನಾಡಿದ್ದೋ?" ಮಹಡಿಯಿಂದ ಉತ್ತರ ಬರುತ್ತಿತ್ತು, ಅದು ತಪ್ಪುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಮದರಾಸಿಗೆ ಬಂದಂದಿನಿಂದ ಆಕೆ ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಅನ್ನದ ಮಾತು ಹಾಗಿರಲಿ, ಒಂದು ಉದ್ಧರಣೆ ತೀರ್ಥ ಬಿಟ್ಟರೆ ನೀರೂ ಇಲ್ಲ. ಎಂಬತ್ತು ತುಂಬಿದಾಗ ಮಠದ ಆಚಾರ್ಯರು, "ಎಂಬತ್ತು ದಾಟಿದವರಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ ತಾಯಿ" ಎಂದರು. "ಅದು ಕೊಟ್ಟರೆ ಆಯ್ತೆ? ನಾನು ತಗೊಳ್ಳಬೇಕಲ್ಲ" ಎಂದು ರಮಾಬಾಯಿ ಪ್ರದಕ್ಷಿಣೆಗೆ ಹೊರಟುಬಿಟ್ಟರು.

ಅದೇ ವರ್ಷ ಮರೆವು ಶುರುವಾಯಿತು. ಮೊದಲು ಹುಳಿಗೆ ಎರಡು ಸಲ ಉಪ್ಪು. ಆಮೇಲೆ ಒಂದು ಬೆಳಿಗ್ಗೆ ಟಿ. ನಗರದ ಬಸ್ ನಿಲ್ದಾಣದಲ್ಲಿ ಖಾಲಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಪ್ಯಾರೀಸ್ ಕಾರ್ನರಿನ ಹಡಗು ಕಂಪನಿಯಲ್ಲಿ ಗುಮಾಸ್ತರಾಗಿದ್ದ ಗಂಡನಿಗೆ ಊಟ ತಲುಪಿಸಬೇಕಂತೆ. ಗಂಡ ತೀರಿಹೋಗಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಮಗ ಹರಿದಾಸ ಅವರನ್ನು ಆಟೋದಲ್ಲಿ ಕರೆತಂದ. ಮರುದಿನವೇ ಸೊಸೆ ಭಾಮಾ ತಾನು ಹಿಂದಿ ಕಲಿಸುತ್ತಿದ್ದ ಶಾಲೆಗೆ ರಾಜೀನಾಮೆ ಬರೆದು ಕಳುಹಿಸಿದಳು. ಇವರಿಬ್ಬರ ಮಗಳು ತೃಪ್ತಿ ವೆಲ್ಲೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ಉಳಿದವರು ಮೂವರು.

ಏಕಾದಶಿ ಯಾವತ್ತು ಎಂಬುದು ರಮಾಬಾಯಿಯವರಿಗೆ ಮರೆತುಹೋಯಿತು. ಏಕಾದಶಿ ಎಂದರೇನು ಎಂಬುದು ಮರೆಯಲಿಲ್ಲ. "ಅತ್ತೆ, ಇವತ್ತು ಏಕಾದಶಿ" ಎಂದು ಭಾಮಾ ಹೇಳಿದರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು. ತುಳಸಿಮಣಿ ಹಿಡಿದು ದೇವರ ಮುಂದೆ ಕೂತರೆ ಸಂಜೆಯವರೆಗೆ ಒಂದು ಮಾತಿಲ್ಲ, ಒಂದು ಕೂಗಿಲ್ಲ.

ಉಳಿದ ದಿನಗಳ ಕಥೆ ಬೇರೆ. ಉಂಡು ಕೈತೊಳೆದು ಹತ್ತು ನಿಮಿಷಕ್ಕೆ ಕಿಟಕಿಯ ಸರಳು ಹಿಡಿದು ಬೀದಿಗೆಲ್ಲ ಕೇಳುವಂತೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಸಾರುತ್ತಿದ್ದರು: "ಸಾಪಾಡೇ ಪೋಡಲೆ! ಸೊಸೆ ನಂಗೆ ಊಟಾನೇ ಹಾಕಲ್ಲ!"

ಕೆಳಗಿನ ಮನೆಯ ಮಾಮಿ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು: ಈಗ ತಾನೇ ನೀವು ತೇಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತಲ್ಲ ಪಾಟಿ, ಅದು ಯಾರದು ಮತ್ತೆ?

ಮೊದಲ ವರ್ಷ ಭಾಮಾ ಅಳುತ್ತಿದ್ದಳು. ಎರಡನೆಯ ವರ್ಷದ ಹೊತ್ತಿಗೆ ಅದು ಮನೆಯ ತಮಾಷೆಯಾಗಿತ್ತು. ಸಂಜೆ ಮಗನ ತೋಳು ಹಿಡಿದು ತಾಯಿ ದೂರು ಹೇಳಿದರೆ ಹರಿದಾಸ, "ಹೌದಾಮ್ಮ? ಇರು, ನಾಳೆಯೇ ಅವಳನ್ನ ತವರಿಗೆ ಕಳಿಸಿಬಿಡೋಣ" ಎನ್ನುತ್ತಿದ್ದ. "ಅಯ್ಯೋ, ಬೇಡಪ್ಪ! ಆಮೇಲೆ ಅಡುಗೆ ಯಾರು ಮಾಡ್ತಾರೆ?" ಎಂದು ತಾಯಿ ಹೆದರುತ್ತಿದ್ದರು. ಮೂವರೂ ನಗುತ್ತಿದ್ದರು.

ಅಡುಗೆಯೆಂದರೆ ಅದೂ ಸುಮ್ಮನೆ ಅಲ್ಲ. ಸ್ನಾನ ಮಾಡಿ, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಮಡಿ ಸೀರೆ ಉಟ್ಟು ಮಾಡಿದರೆ ಮಾತ್ರ ರಮಾಬಾಯಿ ಉಣ್ಣುತ್ತಿದ್ದರು. ಹಿಂದಿನ ಕೋಣೆಯ ಮಾಳಿಗೆಗೆ ಹತ್ತಿರವಾಗಿ ಒಂದು ಬಿದಿರ ಗಳ ತೂಗುತ್ತಿತ್ತು. ಮಡಿಕೋಲಿನಿಂದ ಸೀರೆಯನ್ನು ಅದರ ಮೇಲೆ ಹಾಕಬೇಕು, ಕೋಲಿನಿಂದಲೇ ಇಳಿಸಬೇಕು. ಭಾಮಾ ಇಪ್ಪತ್ತೆಂಟು ವರ್ಷ ಎರಡೂ ಕೈ ಮೇಲೆತ್ತಿ ಆ ಸೀರೆ ಇಳಿಸಿದ್ದಳು. ಹೋಟೆಲಿನ ಇಡ್ಲಿಯನ್ನು ಅತ್ತೆ ತಟ್ಟೆಯ ಸಮೇತ ತಳ್ಳಿಬಿಡುತ್ತಿದ್ದರು. ಎಲ್ಲ ಮರೆತರೂ ಭಾಮಾ ಉಟ್ಟಿರುವುದು ಕಚ್ಚೆ ಸೀರೆಯೋ ಬರೀ ಸೀರೆಯೋ ಎಂದು ಕಣ್ಣು ಮೊದಲು ನೋಡುತ್ತಿತ್ತು.

ಎರಡು ಸಾವಿರದ ಆರರಲ್ಲಿ ಊರಿಗೆ ಚಿಕೂನ್‌ಗುನ್ಯಾ ಬಂತು. ಮಾಂಬಲಕ್ಕೆ ಸೊಳ್ಳೆ ಹೊಸದಲ್ಲ, ಈ ಜ್ವರ ಹೊಸದು. ಜ್ವರ ಮೂರು ದಿನಕ್ಕೆ ಇಳಿಯುತ್ತಿತ್ತು, ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತಿತ್ತು. ನಲವತ್ತರ ಗಂಡಸರು ಗೋಡೆ ಹಿಡಿದು ನಡೆಯುತ್ತಿದ್ದರು. ಹಾಲಿನ ಬೂತಿನ ಮುಂದೆ ಎಲ್ಲರೂ ಬಾಗಿದ ಸೊಂಟದಲ್ಲಿ ಸಾಲು ನಿಲ್ಲುತ್ತಿದ್ದರು. ಸಂಜೆ ಕಾರ್ಪೊರೇಷನ್ನಿನವರು ಹೊಗೆ ಬಿಟ್ಟುಕೊಂಡು ಹೋದಮೇಲೆ ಸ್ವಲ್ಪ ಹೊತ್ತು ಬೀದಿಯೇ ಕಾಣುತ್ತಿರಲಿಲ್ಲ. ಹರಿದಾಸ ಕೆಲಸ ಮಾಡುತ್ತಿದ್ದ ಅಂಬತ್ತೂರಿನ ಕಾರ್ಖಾನೆಯಲ್ಲಿ ಅವನ ವಿಭಾಗದ ಹನ್ನೊಂದು ಜನ ಮಲಗಿದ್ದರು. ಎದ್ದು ನಿಲ್ಲಬಲ್ಲವರು ಅವರ ಕೆಲಸವನ್ನೂ ಮಾಡಬೇಕಾಗಿತ್ತು. ಅವನು ಬೆಳಿಗ್ಗೆ ಐದೂವರೆಗೆ ರೈಲು ಹಿಡಿದರೆ ಬರುವಾಗ ಸಂಜೆ ಏಳೂವರೆ.

ನವರಾತ್ರಿ ಮುಗಿದು ಬಂದ ಶುಕ್ರವಾರ ಭಾಮಾಗೆ ಜ್ವರ ಬಂತು. ಶನಿವಾರ, ಭಾನುವಾರ ಹರಿದಾಸ ಮನೆಯಲ್ಲಿದ್ದ. ಹೆಂಡತಿ ಮಂಚದಿಂದ ಹೇಳಿದಂತೆ ಮಡಿಯುಟ್ಟು ಹೇಗೋ ಅಕ್ಕಿ ಬೇಯಿಸಿ ತಾಯಿಗೆ ಹಾಕಿದ. ಸೋಮವಾರ ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ ಕೇಳಿದ:

"ರಜ ಹಾಕ್ಲಾ?"

"ಬೇಡ. ಜ್ವರ ಇಳಿದಿದೆ. ನಾನು ನೋಡ್ಕೋತೀನಿ."

ಅವನು ಇನ್ನೊಂದು ಸಲ ಕೇಳಲಿಲ್ಲ. ಅವಳು ಇನ್ನೊಂದು ಸಲ ಕೇಳಲೆಂದು ಕಾದಿದ್ದಳು.

ಒಂಬತ್ತಕ್ಕೆ ಸ್ನಾನಕ್ಕೆ ಎದ್ದಳು. ನಲ್ಲಿಯ ತಿರುಪು ತಿರುಗಿಸಲು ಎರಡೂ ಅಂಗೈ ಬೇಕಾಯಿತು. ಹೇಗೋ ಮೈಮೇಲೆ ನೀರು ಸುರಿದುಕೊಂಡು ಹಿಂದಿನ ಕೋಣೆಗೆ ಹೋಗಿ ಮಡಿಕೋಲು ಹಿಡಿದಳು. ಕೈ ಎದೆಯವರೆಗೆ ಬಂತು. ಅಲ್ಲಿಂದ ಮೇಲೆ ಹೋಗಲಿಲ್ಲ. ಇನ್ನೊಮ್ಮೆ ಎತ್ತಿದಳು. ಭುಜದಲ್ಲಿ ಯಾರೋ ಮೊಳೆ ಹೊಡೆದ ಹಾಗಾಗಿ ಕೋಲು ಬಿತ್ತು. ತಲೆಯ ಮೇಲೆ ಸೀರೆ ಅಲ್ಲಾಡದೆ ತೂಗುತ್ತಿತ್ತು. ಅದರ ಕೆಳಗೆ ನೆಲದ ಮೇಲೆ ಕೂತು ಅವಳು ಸ್ವಲ್ಪ ಹೊತ್ತು ಅತ್ತಳು.

"ಊಟ ಆಯ್ತೇನೆ?" ಹೊರಗಿನಿಂದ ರಮಾಬಾಯಿ ಕೇಳಿದರು.

ಭಾಮಾ ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದಳು: "ಇವತ್ತು ಏಕಾದಶಿ ಅಲ್ವಾ ಅತ್ತೆ?"

"ಹೌದಲ್ಲ! ನೋಡು, ಮರೆತೇಬಿಟ್ಟಿದ್ದೆ" ಎನ್ನುತ್ತ ರಮಾಬಾಯಿ ತುಳಸಿಮಣಿ ಹುಡುಕಿದರು.

ನಿಜವಾದ ಏಕಾದಶಿ ಕಳೆದು ಆರು ದಿನವಾಗಿತ್ತು.

ಮಧ್ಯಾಹ್ನ ಕೆಳಗಿನ ಮಾಮಿ ಕ್ಯಾರಿಯರ್ ತಂದಿಟ್ಟಳು. ಬಿಸಿ ಸಾರನ್ನ, ಕರಿದ ಹಪ್ಪಳ. "ನಿನ್ನ ಅತ್ತೆಗೂ ಸೇರಿ ಹಾಕಿದೀನಿ" ಎಂದು ತಮಿಳಿನಲ್ಲಿ ಹೇಳಿ, ತನ್ನ ಮೊಣಕಾಲನ್ನು ತಾನೇ ಬೈದುಕೊಳ್ಳುತ್ತ ಇಳಿದುಹೋದಳು. ಇಬ್ಬರಿಗಾಗುವಷ್ಟು ಊಟ ಆಗ ಮನೆಯಲ್ಲಿತ್ತು. ಭಾಮಾ ಮುಚ್ಚಳ ತೆಗೆದು ನಿಂತಳು. ಮಡಿಯದೇ ಎಂದು ಹೇಳಿ ಅತ್ತೆಗೆ ಕಲಸಿ ಕೊಡಬಹುದಿತ್ತು. ಆದರೆ ಅದು ಚಾತುರ್ಮಾಸ್ಯದ ಕೊನೆಯ ತಿಂಗಳು, ಬೇಳೆ ಮುಟ್ಟಬಾರದ ವ್ರತ. ಮಾಮಿಯ ಸಾರಿನಲ್ಲಿ ತೊಗರಿ ಬೇಳೆ ತೇಲುತ್ತಿತ್ತು. ಅರವತ್ತೊಂಬತ್ತು ವರ್ಷ ಕಾಪಾಡಿಕೊಂಡ ವ್ರತವನ್ನು ತಿಳಿಯದವರ ಬಾಯಲ್ಲಿ ತಾನು ಮುರಿಯುವುದೇ? ಅದು ಪಾಪ. ಉಪವಾಸವಾದರೆ ಹೇಗಿದ್ದರೂ ಪುಣ್ಯವೇ, ಅದೂ ಅವರ ಲೆಕ್ಕಕ್ಕೆ. ಭಾಮಾ ಹೀಗೆ ತೂಗಿ ನೋಡಿದಳು, ಆ ಹೊತ್ತಿನಲ್ಲಿ ಅವಳಿಗೆ ಅದು ಸರಿಯೆಂದೇ ಕಂಡಿತು. ಅಡುಗೆಮನೆಯ ಬಾಗಿಲು ಓರೆಮಾಡಿ, ನಿಂತೇ, ಹಪ್ಪಳ ಮುರಿಯುವ ಸದ್ದು ಕೇಳದಂತೆ ಸಾರಿನಲ್ಲಿ ನೆನೆಸಿ ತಿಂದಳು. ಉಳಿದರ್ಧವನ್ನು ಚೆಲ್ಲಿದಳು.

ಹೊರಗೆ ಬಂದಾಗ ರಮಾಬಾಯಿ ಅವಳ ಮುಖ ನೋಡಿದರು. "ಜ್ವರ ಬಂದಿದೆಯಲ್ಲೇ ನಿಂಗೆ. ನೀನು ಉಪವಾಸ ಮಾಡಬೇಡ ಮಗು. ಏನಾದ್ರೂ ತಿನ್ನು. ದೇವರಿಗೆ ನಾನು ಹೇಳ್ತೀನಿ."

ಸಂಜೆ ಹರಿದಾಸ ಬಂದು ಕೇಳಿದ: "ಅಮ್ಮನ ಊಟ?"

"ಆಯ್ತು" ಎಂದಳು ಭಾಮಾ. ಹಗಲಿನ ಉಪವಾಸ ಅಷ್ಟರಲ್ಲಿ ಮರೆತು, ಮಗನ ಕೈಯಿಂದ ಒಂದು ಲೋಟ ಹಾಲು ಕುಡಿದು ರಮಾಬಾಯಿ ಮಲಗಿದರು.

ಮಂಗಳವಾರ ನಸುಕಿನಲ್ಲೇ ರಮಾಬಾಯಿ ಎದ್ದು ಕೂತು ಕಾಯುತ್ತಿದ್ದರು. ದ್ವಾದಶಿಯ ದಿನ ಸೂರ್ಯ ಏರುವ ಮೊದಲೇ ಉಣ್ಣಬೇಕು. ಅವರ ದೇಹಕ್ಕೆ ಅದು ಗೊತ್ತಿತ್ತು.

"ಪಾರಣೆಗೆ ಎಲೆ ಹಾಕಲಿಲ್ವೇನೆ?"

ಹರಿದಾಸ ಆಗಷ್ಟೇ ಮೆಟ್ಟಿಲಿಳಿದು ಹೋಗಿದ್ದ. ಭಾಮಾಳ ಬೆರಳುಗಳು ರಾತ್ರಿಯಿಡೀ ಊದಿ ಮಡಚಲಾರದೆ ನಿಂತಿದ್ದವು. "ಪಾರಣೆ ನಾಳೆ ಅತ್ತೆ. ಏಕಾದಶಿ ಇವತ್ತು."

ರಮಾಬಾಯಿ ಏನನ್ನೋ ಎಣಿಸುವಂತೆ ಬೆರಳು ಮಡಚಿದರು. ಲೆಕ್ಕ ಸೇರಲಿಲ್ಲ. ಸೊಸೆಯ ಮುಖ ನೋಡಿದರು. ತಿಥಿ ಹೇಳುವವಳು ಈಗ ಅವಳೇ. "ಹಾಗಾದರೆ ಸರಿ" ಎಂದು ದೇವರ ಕಡೆ ತಿರುಗಿದರು.

ಆ ಸಂಜೆ ಅವರು ಮಗನ ತೋಳು ಹಿಡಿದುಕೊಂಡರು. ಹಗಲಿನ ಏಕಾದಶಿ ಆಗಲೇ ಮರೆತುಹೋಗಿತ್ತು. "ಹರಿ, ಹೊಟ್ಟೆ ಹಸೀತಿದೆ. ಇವಳು ನಂಗೆ ಊಟ ಹಾಕಲಿಲ್ಲ."

"ಹೌದಾ? ತವರಿಗೆ ಕಳಿಸಿಬಿಡೋಣ್ವಾ?" ಎಂದು ಅವನು ಶರಟು ಬಿಚ್ಚುತ್ತ ನಕ್ಕ. ಈ ಸಲ ರಮಾಬಾಯಿ ನಗಲಿಲ್ಲ. ಭಾಮಾ ಹಾಲು ಕಾಯಿಸಲು ಒಳಗೆ ಹೋದಳು. ಮೂರು ವರ್ಷ ಸುಳ್ಳಾಗಿದ್ದ ಮಾತು ಅದು. ಎಷ್ಟು ಸಲ ಸುಳ್ಳಾಗಿತ್ತೆಂದರೆ, ನಿಜವಾದ ದಿನ ಅದನ್ನು ಕೇಳಲು ಯಾರೂ ಉಳಿದಿರಲಿಲ್ಲ.

ತೃಪ್ತಿ ಫೋನ್ ಮಾಡಿದಳು. "ಅಮ್ಮಾ, ನಾನ್ ವರಟ್ಟುಮಾ? ಕ್ಲಾಸ್ ಕಟ್ ಮಾಡಿ ಬಂದುಬಿಡ್ತೀನಿ."

"ಬರಬೇಡ ಕಣೆ. ಇಲ್ಲಿ ಬಂದರೆ ನಿನಗೂ ಹತ್ತುತ್ತೆ. ಎಲ್ಲ ನಡೀತಿದೆ."

ಬುಧವಾರದ್ದೇ ಭಾಮಾ ಆಮೇಲೆ ಯಾರಿಗೂ ಪೂರ್ತಿ ಹೇಳಲಾರದೆ ಹೋದದ್ದು. ಬುಧವಾರ ನೋವು ಸಡಿಲಿಸಿತ್ತು. ಎದ್ದು ಹಲ್ಲುಜ್ಜಿದಳು, ತಲೆ ಬಾಚಿಕೊಂಡಳು. ಹಿಂದಿನ ಕೋಣೆಗೆ ಹೋಗಿ ಕೋಲು ಎತ್ತಿ ನೋಡಿದಳು. ಹಲ್ಲು ಕಚ್ಚಿದರೆ ಗಳ ಮುಟ್ಟುತ್ತಿತ್ತು. ಸೀರೆಯ ಅಂಚಿಗೆ ಕೋಲಿನ ತುದಿ ತಾಗಿತು ಕೂಡ. ಅಲ್ಲಿಗೆ ನಿಲ್ಲಿಸಿದಳು. ಕಳೆದ ಎರಡು ಮಧ್ಯಾಹ್ನ ಆ ಮನೆಯಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ. ಕಿಟಕಿಯಲ್ಲಿ ಕೂಗಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿ ಅವಳು ಹಗಲು ಹೊತ್ತು ನಿದ್ದೆ ಮಾಡಿದ್ದಳು, ಎದ್ದಾಗ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಆ ನಿದ್ದೆ ಇನ್ನೊಂದು ದಿನ ಬೇಕೆನಿಸಿತು. ಕೋಲನ್ನು ಮೂಲೆಗೆ ಒರಗಿಸಿ ಬಂದು, ದೃಢವಾಗಿ, ಈ ಸಲ ಪೂರ್ತಿ ತಿಳಿದೇ ಹೇಳಿದಳು:

"ಅತ್ತೆ, ಇವತ್ತು ಏಕಾದಶಿ."

"ಇವತ್ತೂನಾ?" ಎಂದರು ರಮಾಬಾಯಿ. ಅಷ್ಟೇ. ಸ್ವರ ತೀರ ಸಣ್ಣಗಿತ್ತು.

ಗುರುವಾರ ಬೆಳಿಗ್ಗೆ ಐದಕ್ಕೆ ಹೊರಡುವ ಮೊದಲು ತಾಯಿಯ ಕಾಲು ಮುಟ್ಟಲು ಬಾಗಿದ ಹರಿದಾಸ ಹಾಗೆಯೇ ನಿಂತ. ಕರೆದರೆ ಅವರು ಕಣ್ಣು ಬಿಡಲಿಲ್ಲ. ತುಟಿ ಬಿರುಕು ಬಿಟ್ಟಿತ್ತು. ತುಳಸಿಮಣಿ ಮುಷ್ಟಿಯಲ್ಲೇ ಇತ್ತು.

ಮೂರು ಬೀದಿ ಆಚೆಯ ನರ್ಸಿಂಗ್ ಹೋಮಿನ ತುಂಬ ಜ್ವರದವರು. ಮಂಚ ಖಾಲಿಯಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ರಮಾಬಾಯಿಯವರನ್ನು ಮಲಗಿಸಿದರು. ಡಾಕ್ಟರ್ ಬದರಿನಾಥ ಅವರ ಮಠದವರೇ, ಮನೆಗೆ ಬಂದು ಹೋಗುವ ಪರಿಚಯ. ಅವರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಫೀವರ್ ಎಷ್ಟು ದಿನದಿಂದ?"

"ಇವರಿಗೆ ಇಲ್ಲ ಡಾಕ್ಟ್ರೆ. ಭಾಮಾಗಿತ್ತು" ಎಂದ ಹರಿದಾಸ.

"ವಯಸ್ಸಾದವರಿಗೆ ಮೈ ಬಿಸಿಯಾಗದೇನೂ ಬರುತ್ತೆ. ಈ ವಾರ ಇಂಥ ನಾಲ್ಕು ಕೇಸ್ ಆಯ್ತು. ರಕ್ತ ಕಳಿಸೋಣ." ಬರೆಯುತ್ತಲೇ ಕೇಳಿದರು: "ಊಟ ತಿಂಡಿ ಹೇಗೆ?"

"ಅದರಲ್ಲಿ ಏನೂ ಕೊರತೆ ಇಲ್ಲ ಸಾರ್. ಇವಳಿಗೇ ಎದ್ದು ನಿಲ್ಲೋಕೆ ಆಗ್ತಿರಲಿಲ್ಲ, ಆದರೂ ಮಡಿಯಲ್ಲೇ ಮಾಡಿ ಹಾಕಿದಾಳೆ. ಇಂಥ ಸೊಸೆ..."

"ಹಾಕಲಿಲ್ಲ" ಎಂದಳು ಭಾಮಾ.

ಡಾಕ್ಟರ ಪೆನ್ನು ನಿಂತಿತು.

"ಸೋಮವಾರದಿಂದ ಅವರು ಊಟ ಮಾಡಿಲ್ಲ. ನೀರೂ ಇಲ್ಲ. ಸಂಜೆ ಒಂದು ಲೋಟ ಹಾಲು, ಅಷ್ಟೇ. ನಾನೇ ಹಾಕಲಿಲ್ಲ. ಏಕಾದಶಿ ಅಂತ ಹೇಳಿದೆ."

"ಮೂರು ದಿನವೂ?"

"ಮೂರು ದಿನವೂ."

ಬೆಂಚುಗಳ ಮೇಲೆ ಕೂತಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಬದರಿನಾಥ ಬಯ್ಯಲಿಲ್ಲ. ನರ್ಸನ್ನು ಕೂಗಿ ಮೊದಲು ಗ್ಲೂಕೋಸ್ ಹಾಕಲು ಹೇಳಿದರು. ಬಾಟಲಿಯನ್ನು ಕಿಟಕಿಯ ಚಿಲಕಕ್ಕೆ ದಾರದಿಂದ ಕಟ್ಟಿದರು. ಸೂಜಿ ಚುಚ್ಚಲು ನರ ಸಿಗದೆ ನರ್ಸ್ ನಾಲ್ಕು ಕಡೆ ಚುಚ್ಚಿದಳು. ಪ್ರತಿ ಸಲವೂ ಭಾಮಾ ಕಣ್ಣು ಮುಚ್ಚದೆ ನೋಡಿದಳು. ಹೋಗುವಾಗ ಡಾಕ್ಟರ್ ಮೆಲ್ಲಗೆ, "ಹೇಳಿದ್ದು ಒಳ್ಳೇದಾಯ್ತು" ಎಂದರು. ಆ ಮಾತು ಅವಳಿಗೆ ಬೇಕಾಗಿರಲಿಲ್ಲ.

ಬಾಟಲಿ ಅರ್ಧವಾಗಿತ್ತು. ಹರಿದಾಸ ಎದುರಿನ ಗೋಡೆ ನೋಡುತ್ತ, "ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಭಾಮಾ" ಎಂದ.

"ಅವರು ಹೇಳಿದ್ರಲ್ಲ ನಿಮಗೆ."

ಅವನು ಮುಖ ತಗ್ಗಿಸಿದ. ಅದು ಬಾಯಿಂದ ಹೊರಬಿದ್ದ ಮೇಲೆ, ತನ್ನ ಪಾಲಿನ ತಪ್ಪನ್ನು ಅವನ ತಲೆಗೂ ಒಂದಿಷ್ಟು ಕಟ್ಟಿದೆನಲ್ಲ ಎಂದು ಭಾಮಾಗೆ ಇನ್ನಷ್ಟು ಅಸಹ್ಯವಾಯಿತು. "ನೋವು ತಡೆಯೋಕಾಗ್ತಿರಲಿಲ್ಲ ಅಂತ ಮಾತ್ರ ಅಂದ್ಕೋಬೇಡಿ" ಎಂದಳು. "ನಿನ್ನೆ ಆಗ್ತಿತ್ತು. ನಿನ್ನೆ ನಾನು ಮಲಗಿದೆ."

ಹರಿದಾಸ ಎದ್ದು ಹೋಗಿ ಎರಡು ಕಾಫಿ ತಂದ. ಒಂದನ್ನು ಅವಳ ಪಕ್ಕದಲ್ಲಿಟ್ಟ, ಕೈಗೆ ಕೊಡಲಿಲ್ಲ.

ಎರಡನೆಯ ದಿನ ರಮಾಬಾಯಿ ಕಣ್ಣು ಬಿಟ್ಟರು. ನಾಲ್ಕನೆಯ ದಿನ ಮನೆಗೆ ಬಂದರು. ಹರಿದಾಸ ಹದಿನೈದು ದಿನ ರಜ ಹಾಕಿದ. ಬೆಳಿಗ್ಗೆ ಸ್ನಾನ ಮಾಡಿ, ಮಡಿ ಪಂಚೆಯನ್ನು ತಾನೇ ಗಳದಿಂದ ಇಳಿಸಿ ಉಟ್ಟು, ಗಂಜಿ ಕಾಯಿಸಿದ. ಮೊದಲ ದಿನ ತಳ ಹತ್ತಿತು. ಮೂರನೆಯ ದಿನಕ್ಕೆ ಕೈ ಪಳಗಿತು. ಇಷ್ಟು ಸುಲಭವಿತ್ತೆ ಇದು, ಎಂದು ಮಂಚದ ಮೇಲಿನಿಂದ ನೋಡುತ್ತ ಭಾಮಾ ಅಂದುಕೊಂಡಳು. ಅವನನ್ನು ಒಂದು ದಿನ ಉಳಿಯಿರಿ ಎಂದಿದ್ದರೆ ಸಾಕಿತ್ತು. ಇಪ್ಪತ್ತೆಂಟು ವರ್ಷ ಹಾಗೆ ಕೇಳಿಯೇ ಇರಲಿಲ್ಲ. ಆ ಸೋಮವಾರವೂ ಬಾಯಿ ಬಂದಿರಲಿಲ್ಲ. ಬೀದಿಯವರು ಬಂದು ನೋಡಿಹೋದರು. ಜ್ವರದಲ್ಲೂ ಅತ್ತೆಯನ್ನು ಬದುಕಿಸಿಕೊಂಡಳು ಎಂದು ಮಾಮಿ ಎಲ್ಲರ ಮುಂದೆ ಹೊಗಳಿದಳು. ಭಾಮಾ, "ಇಲ್ಲ ಮಾಮಿ, ನಾನು ಊಟಾನೇ ಹಾಕಲಿಲ್ಲ" ಎಂದಳು. ಮಾಮಿ ಸೊಂಟ ಹಿಡಿದುಕೊಂಡು ನಕ್ಕಳು: ಅತ್ತೆಯ ಹುಚ್ಚು ಸೊಸೆಗೂ ಹಿಡಿಯಿತೆ?

ದೀಪಾವಳಿಗೆ ಮೂರು ನಾಲ್ಕು ದಿನವಿರುವಾಗ ನಿಜವಾದ ಏಕಾದಶಿ ಬಂತು. ಬೀದಿಯಲ್ಲಿ ಹುಡುಗರು ಆಗಲೇ ಪಟಾಕಿ ಹಚ್ಚುತ್ತಿದ್ದರು. ಉಪವಾಸ ಕೂಡದು, ಎರಡು ಗಂಟೆಗೊಮ್ಮೆ ಏನಾದರೂ ಹೊಟ್ಟೆಗೆ ಬೀಳಲೇಬೇಕು ಎಂದು ಬದರಿನಾಥ ಕಟ್ಟಪ್ಪಣೆ ಮಾಡಿದ್ದರು. ಭಾಮಾಳ ತೋಳು ಅಷ್ಟರಲ್ಲಿ ಸ್ವಲ್ಪ ಬಂದಿತ್ತು. ಮಡಿಯುಟ್ಟು, ಹಾಲಿನಲ್ಲಿ ಅವಲಕ್ಕಿ ನೆನೆಸಿ ಬಟ್ಟಲಲ್ಲಿ ತಂದಳು.

"ಇವತ್ತು ತಿಥಿ ಯಾವುದೇ?" ಎಂದರು ರಮಾಬಾಯಿ, ಎಂದೂ ಇಲ್ಲದೆ.

ಹರಿದಾಸ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಹೇಳಿದ: ದಶಮಿ ಅನ್ನು, ಏನಾದರೂ ಅನ್ನು. ತಿಥಿಯ ವಿಷಯದಲ್ಲಿ ಇನ್ನೊಂದು ಸುಳ್ಳು ಭಾಮಾಳ ಬಾಯಿಂದ ಹೊರಡುವಂತಿರಲಿಲ್ಲ.

"ಏಕಾದಶಿ ಅತ್ತೆ."

"ಏಕಾದಶಿ ಅಂತೀಯ, ಬಟ್ಟಲು ತರ್ತೀಯ. ಹುಚ್ಚಾ ನಿಂಗೆ? ತೆಗಿ ಆಚೆ."

"ಎಂಬತ್ತು ದಾಟಿದವರಿಗೆ ಇಲ್ಲ, ಅತ್ತೆ."

"ಯಾರಿಗೆ ಎಂಬತ್ತು? ನನಗಿನ್ನೂ ಐವತ್ತಾಗಿಲ್ಲ." ರಮಾಬಾಯಿ ತುಟಿ ಬಿಗಿದರು.

ಹರಿದಾಸ ನಿಟ್ಟುಸಿರಿಟ್ಟು ಒಳಗೆ ಹೋದ. ಭಾಮಾ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

"ಹೋದ ವಾರ ಮೂರು ದಿನ ನಿಮಗೆ ಊಟ ಹಾಕಲಿಲ್ಲ. ಏಕಾದಶಿ ಇರಲಿಲ್ಲ. ಇದೆ ಅಂತ ಸುಳ್ಳು ಹೇಳಿ ಉಪವಾಸ ಕೆಡವಿದೆ. ಅಡುಗೆಮನೆಯಲ್ಲಿ ಕದ್ದು ಉಂಡೆ. ಅದಕ್ಕೇ ನಿಮಗೆ ಹೀಗಾಯ್ತು. ಇವತ್ತು ನೀವು ತಿನ್ನಬೇಕು."

ರಮಾಬಾಯಿ ಗಮನವಿಟ್ಟು ಕೇಳಿದರು. "ಯಾರು ಊಟ ಹಾಕಲಿಲ್ಲ?"

"ನಿಮ್ಮ ಸೊಸೆ."

ಅವರು ಬಾಗಿಲ ಕಡೆ ಒಮ್ಮೆ ನೋಡಿ, ಭಾಮಾಳ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಊದಿದ ಕೀಲು ನೊಂದಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹಾಗೆಲ್ಲ ಅವಳ ಮೇಲೆ ಚಾಡಿ ಹೇಳಬಾರದಮ್ಮ" ಎಂದರು ಪಿಸುದನಿಯಲ್ಲಿ. "ಅವಳಿಗೆ ಜ್ವರ. ಪಾಪ, ಎದ್ದೇಳೋಕಾಗ್ತಿರಲಿಲ್ಲ."

"ಒಂದು ದಿನ ಎದ್ದಿದ್ದಳು" ಎಂದಳು ಭಾಮಾ.

ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ಕೈ ಮಣಿಕಟ್ಟಿನ ಮೇಲೆಯೇ ಇತ್ತು, ಕಣ್ಣು ಬಟ್ಟಲಿನ ಮೇಲೆ. ಭಾಮಾ ಒಂದು ಚಮಚ ಅವಲಕ್ಕಿ ತುಟಿಯ ಬಳಿಗೆ ತಂದಳು. ಬಾಯಿ ತೆರೆಯಿತು. ಮತ್ತೊಂದು ತಂದಳು, ಅದೂ ಹೋಯಿತು. ಮೂರನೆಯದಕ್ಕೆ ರಮಾಬಾಯಿ ಮುಖ ತಿರುಗಿಸಿ, "ಅವಳಿಗೂ ಸ್ವಲ್ಪ ಇಡು" ಎಂದರು.